ಅರಕೆರೆ ಶೆಡ್ಡಿನ ಪದ್ಮಿನಿ ಮತ್ತು ಸರ್ ಎಂ.ವಿ. ಕಟ್ಟಲಾಗದ ಕಾರ್ಖಾನೆ

ನಮ್ಮ ಹಾಲ್ ಟಿಕೆಟ್ ಮೇಲೆ ವಿಶ್ವೇಶ್ವರಯ್ಯನವರ ಹೆಸರಿದೆ, ಮಾರ್ಕ್ಸ್ ಕಾರ್ಡ್ ಮೇಲೂ ಇದೆ. ಸೆಪ್ಟೆಂಬರ್ 15 ಬಂದರೆ ಫೋಟೋಗೆ ಹಾರ ಹಾಕ್ತೀವಿ, ಕೆಆರ್‌ಎಸ್ ಬಗ್ಗೆ ಹೋದ ವರ್ಷದ ಭಾಷಣವನ್ನೇ ಇನ್ನೊಂದ್ಸಲ ಕೇಳ್ತೀವಿ, ಎದ್ದು ಕ್ಲಾಸಿಗೆ ಹೋಗ್ತೀವಿ. ಅವರಿಗೂ ಕಾರಿಗೂ ಸಂಬಂಧ ಇತ್ತು ಅಂತ ನಮಗೆ ಗೊತ್ತಾಗಿದ್ದು ಅರಕೆರೆಯಲ್ಲಿ, ಮೊಣಕೈವರೆಗೂ ಗ್ರೀಸ್ ಮೆತ್ತಿಕೊಂಡು ಕೂತಿದ್ದಾಗ.

ಸೆಮಿಸ್ಟರ್ ರಜೆಗೆ ನಾವು ನಾಲ್ಕು ಜನ (ಮೂರು ಮೆಕ್ಯಾನಿಕಲ್, ಒಂದು ಇಸಿ) ರೂಮ್‌ಮೇಟ್ ಊರಿಗೆ ಹೋಗಿದ್ವಿ. ಶ್ರೀರಂಗಪಟ್ಟಣದಿಂದ ಬನ್ನೂರು ಕಡೆ ಹೋಗೋ ರಸ್ತೆಯಲ್ಲಿ ಅರಕೆರೆ. ಅಲ್ಲಿ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ, ಟಾರ್ಪಾಲ್ ಕೆಳಗೆ, ಅವನ ತಾತನ ಪ್ರೀಮಿಯರ್ ಪದ್ಮಿನಿ ನಿಂತಿತ್ತು. ತಾತ ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ. ಬಾನೆಟ್ ಎತ್ತಿದರೆ ಇಲಿ ಗೂಡು. ಗುಜರಿಯವನು ಬಂದು ರೇಟು ಹೇಳಿ ಹೋಗಿದ್ದ. ರಜೆ ಮುಗಿಯೋದರೊಳಗೆ ಸ್ಟಾರ್ಟ್ ಮಾಡಿದರೆ ಉಳಿಸ್ಕೊಳ್ಳೋದು, ಇಲ್ಲಾಂದ್ರೆ ಕೊಟ್ಟುಬಿಡೋದು ಅಂತ ಅಜ್ಜಿ ಹೇಳಿಬಿಟ್ಟರು.

1089 ಸಿಸಿ, ನಾಲ್ಕು ಸಿಲಿಂಡರ್. ಪುಸ್ತಕದಲ್ಲಿ ಇಂಥ ಇಂಜಿನ್ ಹತ್ತು ಸಲ ಬಿಡಿಸಿದ್ದೀವಿ. ಎದುರಿಗಿದ್ದ ಇಂಜಿನ್ ಮಾತ್ರ ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ. ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಬೋರಿಗೆ ಕಚ್ಚಿಕೊಂಡಿದ್ದವು. ಊರಿನ ಟ್ರ್ಯಾಕ್ಟರ್ ಮೇಸ್ತ್ರಿ ಬಂದು ನೋಡಿದರು. ನಾವು ಉದ್ದನೆಯ ಪೈಪು ಹಾಕಿ ತಿರುಗಿಸೋಣ ಅಂದಿದ್ದಕ್ಕೆ ನಕ್ಕರು. ನಾಲ್ಕೂ ಪ್ಲಗ್ ಬಿಚ್ಚಿಸಿ, ತೂತಿನೊಳಗೆ ಡೀಸೆಲ್ಲು, ಇಂಜಿನ್ ಆಯಿಲ್ ಬೆರೆಸಿ ಸುರಿದು, ನಾಲ್ಕು ದಿನ ಅದರ ತಂಟೆಗೆ ಹೋಗಬೇಡಿ ಅಂದರು. ಐದನೇ ದಿನ ಟಾಪ್ ಗೇರಿಗೆ ಹಾಕಿ, ಗಾಡಿನ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿದ್ವಿ. ಅರ್ಧ ಗಂಟೆ ಆದ್ಮೇಲೆ ಫ್ಯಾನ್ ಬೆಲ್ಟ್ ಅರ್ಧ ಇಂಚು ಅಲುಗಾಡ್ತು. ಇಂಟರ್ನಲ್ಸ್ ಪಾಸಾದಾಗಲೂ ಅಷ್ಟು ಕೂಗಿರಲಿಲ್ಲ ನಾವು.

ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹರಿದಿತ್ತು, ಕಂಡೆನ್ಸರ್ ಸತ್ತಿತ್ತು. ಸಾಮಾನು ಮುಂಬೈಯಿಂದ ಬರಬೇಕು ಅಂದರು ಮೇಸ್ತ್ರಿ. ಅಲ್ಲಿ ಟ್ಯಾಕ್ಸಿಗಳೆಲ್ಲ ಪದ್ಮಿನಿಯೇ ಆಗಿದ್ದವು, 2023ರವರೆಗೂ ಓಡಿದವು. ಕಾರು ಮಾಡಿದ ಕಾರ್ಖಾನೆಯೂ ಅಲ್ಲೇ, ಕುರ್ಲಾದಲ್ಲಿ. ಪಾರ್ಸೆಲ್ ಬರಲು ಆರು ದಿನ. ಆ ಆರು ದಿನದಲ್ಲಿ ಸುಮ್ಮನೆ ಆ ಕಂಪನಿ ಚರಿತ್ರೆ ಹುಡುಕ್ತಾ ಹೋದ್ವಿ. ಹುಡುಕ್ತಾ ಹುಡುಕ್ತಾ ಸಿಕ್ಕಿದ ಹೆಸರು ನಮ್ಮ ಹಾಲ್ ಟಿಕೆಟ್ಟಿನದು!

ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ಅನ್ನೋದು ಎಲ್ಲರಿಗೂ ಬಾಯಿಪಾಠ. ಚಿಕ್ಕ ವಯಸ್ಸಲ್ಲೇ ತಂದೆ ಹೋದರು. ಬೆಂಗಳೂರಿಗೆ ಬಂದು, ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಗೆ ಹೋಗಿ ಇಂಜಿನಿಯರ್ ಆದರು, 1884ರಲ್ಲಿ ಮುಂಬೈ ಪ್ರಾಂತ್ಯದ ಪಿಡಬ್ಲ್ಯುಡಿ ಸೇರಿದರು. ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ಅವರ ಆಟೊಮ್ಯಾಟಿಕ್ ಗೇಟುಗಳನ್ನು ಕೂರಿಸಿದರು. ಗೋಡೆ ಎತ್ತರಿಸದೆ ಹೆಚ್ಚು ನೀರು ನಿಲ್ಲಿಸೋದು, ನೀರು ಮಿತಿ ಮೀರಿದರೆ ಗೇಟು ತಾನಾಗೇ ತೆರೆದುಕೊಳ್ಳೋದು. ಸೆನ್ಸಾರ್ ಇಲ್ಲ, ಮೋಟಾರ್ ಇಲ್ಲ. ನಮ್ಮ ಇಸಿ ಹುಡುಗ ಇದನ್ನ ನಂಬೋಕೆ ಒಂದು ಸಂಜೆ ತಗೊಂಡ.

1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಕೆಆರ್‌ಎಸ್ ಕೆಲಸ 1911ರಲ್ಲಿ ಶುರುವಾಯಿತು, ಸಿಮೆಂಟ್ ಬದಲು ಸುರ್ಕಿ ಗಾರೆಯಲ್ಲಿ. ಇದನ್ನು ಅರಕೆರೆಯವರಿಗೆ ನಾವು ಹೇಳಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಕಟ್ಟೆ 124.80 ಅಡಿ ಮುಟ್ಟುತ್ತೋ ಇಲ್ಲವೋ ಅಂತ ಪೇಪರ್ ನೋಡೋ ಊರು ಅದು. ಅವರು ಅಧಿಕಾರ ಬಿಟ್ಟು ಎಷ್ಟೋ ವರ್ಷವಾದ ಮೇಲೆ ಕಟ್ಟೆ ಮುಗಿಯಿತು ಅನ್ನೋದು ಭಾಷಣಗಳಲ್ಲಿ ಬರಲ್ಲ.

ಅಧಿಕಾರ ಯಾಕೆ ಬಿಟ್ಟರು ಅನ್ನೋದೂ ಬರಲ್ಲ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಬೇಕು ಅಂತ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ಮಾಡಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ನಾವು ನಾಲ್ವರಲ್ಲಿ ಮೂವರು ಇವತ್ತು ಕಾಲೇಜಲ್ಲಿ ಇರೋದೇ ಅಂಥ ಪಾಲಿನಿಂದ. ಈ ವಿಷಯದಲ್ಲಿ ಮಹಾರಾಜರು ಸರಿ, ಇವರು ತಪ್ಪು ಅಂತಲೇ ನಮಗೆ ಅನ್ನಿಸಿತು. ಹಾಗಂತ ಅವರ ಬಗ್ಗೆ ಓದೋದು ನಿಲ್ಲಿಸಲಿಲ್ಲ.

ಯಾಕಂದ್ರೆ ಕಾರಿನ ಕಥೆ ಬರೋದೇ ಆಮೇಲೆ. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನ ನಷ್ಟದಿಂದ ಎತ್ತಿದ್ದಾಯಿತು. 1934ರಲ್ಲಿ ಯೋಜಿತ ಅರ್ಥವ್ಯವಸ್ಥೆ ಬಗ್ಗೆ ಪುಸ್ತಕ ಬರೆದಿದ್ದಾಯಿತು. ಎಪ್ಪತ್ತು ದಾಟಿದವರು ಮನೆಯಲ್ಲಿ ಕೂತಿರಬಹುದಿತ್ತು. 1935ರಲ್ಲಿ ಯುರೋಪು, ಅಮೆರಿಕಕ್ಕೆ ಹೋಗಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು. ಇಲ್ಲಿ ಓಡುತ್ತಿದ್ದ ಕಾರುಗಳೆಲ್ಲ ಹೊರಗಿನವು, ಇಲ್ಲ ಹೊರಗಿನ ಬಿಡಿಭಾಗ ತಂದು ಜೋಡಿಸಿದವು. ಕಾರು ಇಲ್ಲೇ ಆದರೆ ಅದರ ಹಿಂದೆ ಉಕ್ಕು, ಗಾಜು, ರಬ್ಬರು, ಮಷಿನ್ ಶಾಪು ಎಲ್ಲ ಬರುತ್ತೆ ಅನ್ನೋದು ಅವರ ಲೆಕ್ಕ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಮುಂಬೈಯ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ಒಪ್ಪಿತು, 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಆಮೇಲೆ ಯೋಜನೆ ಬೆಂಗಳೂರಿಗೆ ಬಂತು, ಮೈಸೂರು ಸರ್ಕಾರ ಸಿದ್ಧವಿತ್ತು. ಬ್ರಿಟಿಷರ ಭಾರತ ಸರ್ಕಾರ ಒಪ್ಪಲಿಲ್ಲ. ಯುದ್ಧಕಾಲ ಬೇರೆ, ಅವರು ಒಪ್ಪದೆ ಹೊರಗಿನಿಂದ ಮಷಿನ್ ತರಿಸೋ ಹಾಗಿರಲಿಲ್ಲ. ತಮಾಷೆ ಅಂದ್ರೆ, ಅದೇ ವಾಲ್‌ಚಂದ್ 1940ರ ಡಿಸೆಂಬರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ ಶುರುಮಾಡಿದರು, ಇವತ್ತಿನ ಎಚ್‌ಎಎಲ್. ವಿಮಾನ ಯುದ್ಧಕ್ಕೆ ಬೇಕಿತ್ತು, ಕಾರು ಬೇಕಿರಲಿಲ್ಲ.

1944ರಲ್ಲಿ ವಾಲ್‌ಚಂದ್ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಮೊದಲು ಅಮೆರಿಕದ ಕ್ರೈಸ್ಲರ್ ಜೊತೆ, 50ರ ದಶಕದಲ್ಲಿ ಇಟಲಿಯ ಫಿಯಟ್ ಜೊತೆ. ಆ ಫಿಯಟ್ 1100 ಕಾರೇ 70ರ ದಶಕದಲ್ಲಿ ಪದ್ಮಿನಿ ಅನ್ನೋ ಹೆಸರು ಪಡೆದಿದ್ದು. ವಿಶ್ವೇಶ್ವರಯ್ಯನವರು 1955ರಲ್ಲಿ ಭಾರತರತ್ನ ಆದರು, 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು. ಬೆಂಗಳೂರಿನ ಕಾರು ಕಾರ್ಖಾನೆ ಕಾಗದದಲ್ಲೇ ಉಳಿಯಿತು. ಅದು ಆಗಿದ್ದರೆ ಡಯಾಫ್ರಾಮ್ ತರೋಕೆ ನಾವು ಆರು ದಿನ ಕಾಯ್ತಿರಲಿಲ್ಲ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ತರ್ತಿದ್ವಿ.

ಪಾರ್ಸೆಲ್ ಬಂತು. ಕಾರ್ಬೊರೇಟರ್ ಜೆಟ್ಟಿಗೆ ತಂತಿ ತೂರಿಸಿದ್ದಕ್ಕೆ ಮೇಸ್ತ್ರಿ ಬೈದರು. ತೂತು ದೊಡ್ಡದಾದರೆ ಪೆಟ್ರೋಲ್ ಲೆಕ್ಕ ತಪ್ಪುತ್ತೆ, ಗಾಳಿ ಊದಿಯೇ ತೆಗೀಬೇಕಂತೆ. ಇಸಿ ಹುಡುಗ ಕಂಡೆನ್ಸರ್ ಹಾಕಿ, ಪಾಯಿಂಟ್ ಉಜ್ಜಿ, ಪ್ಲಗ್ ವೈರುಗಳನ್ನ 1-3-4-2 ಅಂತ ಜೋರಾಗಿ ಹೇಳಿಕೊಂಡು ಕೂರಿಸಿದ. ಹಳೇ ಟ್ಯಾಂಕ್ ನಂಬದೆ ಬೇರೆ ಕ್ಯಾನಿನಿಂದ ಪೆಟ್ರೋಲ್ ಕೊಟ್ಟು, ಟ್ರ್ಯಾಕ್ಟರ್ ಬ್ಯಾಟರಿ ಕಟ್ಟಿದ್ವಿ. ಎಂಟನೇ ಸಲ ಕೆಮ್ಮಿತು. ಹತ್ತನೇ ಸಲಕ್ಕೆ ಶೆಡ್ ತುಂಬ ನೀಲಿ ಹೊಗೆ, ಕೋಳಿಗಳೆಲ್ಲ ಹೊರಗೆ, ಅಜ್ಜಿ ಬಾಗಿಲಿಗೆ. ಸುಮಾರು ಇಪ್ಪತ್ತು ಸೆಕೆಂಡ್ ಓಡಿ ನಿಂತಿತು.

ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಆಯಿಲ್ ಹಾಲು ಹಾಕಿದ ಕಾಫಿ ಹಾಗಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀರು ಸೇರ್ತಿದೆ, ಹೆಡ್ ಬಿಚ್ಚಿ ಮೈಸೂರಲ್ಲಿ ಫೇಸಿಂಗ್ ಮಾಡಿಸಬೇಕು ಅಂದರು. ನಾವು ಹೆದರಿಕೊಂಡೇ ಅಜ್ಜಿ ಮುಖ ನೋಡಿದ್ವಿ. ಅಜ್ಜಿ ಒಳಗೆ ಹೋಗಿ ಗುಜರಿಯವನಿಗೆ ಫೋನ್ ಮಾಡಿ, ಕೊಡಲ್ಲ, ಬರಬೇಡ ಅಂದರು. ಮಾರನೇ ದಿನ ಹೆಡ್ಡನ್ನ ಗೊಬ್ಬರದ ಚೀಲಕ್ಕೆ ಹಾಕಿ ಮೈಸೂರು ಬಸ್ ಹತ್ತಿದ್ವಿ. ಕಂಡಕ್ಟರ್ ಚೀಲ ಎತ್ತಿ ನೋಡಿ, ಏನೂ ಕೇಳದೆ, ಅದಕ್ಕೂ ಒಂದು ಲಗೇಜ್ ಟಿಕೆಟ್ ಕೊಟ್ಟರು.