ಬಾಬುರಾವ್ ಪೇಂಟರ್: ಕ್ಯಾಮೆರಾ ನಿರ್ಮಾಣದಿಂದ ಸಾಮಾಜಿಕ ವಾಸ್ತವದೆಡೆಗೆ

ಕನ್ನಡ ವಾಕ್ಚಿತ್ರದ ಚರಿತ್ರೆ 1934ರ 'ಸತಿ ಸುಲೋಚನಾ'ದಿಂದ ಆರಂಭವಾಗುತ್ತದೆ. ಅದರ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಪರಿಸರಕ್ಕೆ ಸಮೀಪದ ಈ ನಗರವು ಚಲನಚಿತ್ರದ ಕೇಂದ್ರವಾಗಿ ರೂಪುಗೊಂಡುದರ ಹಿಂದೆ ಬಾಬುರಾವ್ ಪೇಂಟರ್ (1890–1954) ಅವರ ಪರಿಶ್ರಮವಿದೆ. ರಾಯಬಾಗವಂತೂ ಆಗ ಕೊಲ್ಹಾಪುರ ಸಂಸ್ಥಾನದ ಆಡಳಿತಕ್ಕೇ ಒಳಪಟ್ಟಿತ್ತು.

ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ ಕೊಲ್ಹಾಪುರದ ಕುಶಲಕರ್ಮಿ ಮನೆತನದಲ್ಲಿ ಜನಿಸಿದರು. ಚಿತ್ರಕಲೆ, ಶಿಲ್ಪಕಲೆಗಳು ಅವರಿಗೆ ಕುಲವೃತ್ತಿಯಿಂದಲೇ ಒಲಿದವು. ದಾಯಾದಿ ಸಹೋದರ ಆನಂದರಾವ್ ಅವರೊಡನೆ ನಾಟಕ ಕಂಪನಿಗಳಿಗೆ ಪರದೆಗಳನ್ನು ಬರೆದುದರಿಂದ 'ಪೇಂಟರ್' ಎಂಬ ಹೆಸರು ಅವರಿಗೆ ಅಂಟಿಕೊಂಡಿತು. 1908ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಗೊಂಡ ಕೇಶವರಾವ್ ಭೋಸಲೆಯವರ ಲಲಿತಕಲಾದರ್ಶ ಮಂಡಳಿಯೂ ಈ ಕಂಪನಿಗಳಲ್ಲಿ ಒಂದು.

ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' (1913) ಈ ಸಹೋದರರನ್ನು ಚಲನಚಿತ್ರದತ್ತ ಸೆಳೆಯಿತು. ವಿದೇಶಿ ಕ್ಯಾಮೆರಾ ಕೊಳ್ಳುವ ಶಕ್ತಿಯಿಲ್ಲದ ಅವರು ತಾವೇ ಅದನ್ನು ತಯಾರಿಸಲು ತೊಡಗಿದರು. ಕಾರ್ಯ ಪೂರ್ಣಗೊಳ್ಳುವ ಮೊದಲೇ, 1916ರಲ್ಲಿ, ಆನಂದರಾವ್ ತೀರಿಕೊಂಡರು. ಬಾಬುರಾವ್ ಶಿಷ್ಯ ವಿ. ಜಿ. ದಾಮ್ಲೆಯವರ ನೆರವಿನಿಂದ 1918ರಲ್ಲಿ ಕ್ಯಾಮೆರಾವನ್ನು ಸಿದ್ಧಗೊಳಿಸಿದರು. ಗಾಯಕಿ ತಾನೀಬಾಯಿ ಕಾಗಲ್ಕರ್ ಅವರ ಹಣ ಹಾಗೂ ಶಾಹು ಮಹಾರಾಜರ ಪ್ರೋತ್ಸಾಹದಿಂದ ಮಹಾರಾಷ್ಟ್ರ ಫಿಲ್ಮ್ ಕಂಪನಿ ಬೆಳೆಯಿತು. ಅದರ ಮೊದಲ ಚಿತ್ರ 'ಸೈರಂಧ್ರಿ' (1920) ಅವರಿಗೆ ತಿಲಕರಿಂದ 'ಸಿನಿಮಾ ಕೇಸರಿ' ಎಂಬ ಬಿರುದನ್ನು ತಂದಿತು. ಸ್ತ್ರೀಪಾತ್ರಗಳನ್ನು ಸ್ತ್ರೀಯರಿಂದಲೇ ಮಾಡಿಸಿದ್ದು, 'ಸಿಂಹಗಡ'ದಲ್ಲಿ (1923) ಕೃತಕ ಬೆಳಕನ್ನು ಬಳಸಿದ್ದು ಅವರ ಪ್ರಯೋಗಶೀಲತೆಗೆ ನಿದರ್ಶನಗಳಾಗಿವೆ.

ಪುರಾಣ ಮತ್ತು ಇತಿಹಾಸಗಳಲ್ಲಿ ಇಷ್ಟು ಯಶಸ್ಸು ಕಂಡ ಮೇಲೆ ಅವರು 'ಸಾವಕಾರಿ ಪಾಶ'ವನ್ನು (1925) ನಿರ್ಮಿಸಿದ್ದು ಗಮನಾರ್ಹ. ನಾರಾಯಣ ಹರಿ ಆಪ್ಟೆಯವರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಲೇವಾದೇವಿಗಾರನ ವಂಚನೆಯಿಂದ ಭೂಮಿ ಕಳೆದುಕೊಂಡ ರೈತ ನಗರ ಸೇರಿ ಗಿರಣಿ ಕೂಲಿಯಾಗುತ್ತಾನೆ. ತರುಣ ರೈತನ ಪಾತ್ರ ವಿ. ಶಾಂತಾರಾಮ್ ಅವರದು. ಸಾಕ್ಷ್ಯಚಿತ್ರವೆಂಬ ಪ್ರಕಾರ ಭಾರತದಲ್ಲಿ ಬೇರೂರುವ ಮುನ್ನವೇ ಕ್ಯಾಮೆರಾ ಇಲ್ಲಿ ಹಳ್ಳಿಯ ಬದುಕಿಗೆ ಸಾಕ್ಷಿಯಾಯಿತು. ಸಾಲಪತ್ರದ ಭಯ ಕೃಷ್ಣಾ ತೀರದ ಒಕ್ಕಲಿಗೆ ಹೊಸದೇನಲ್ಲ. ಆದರೆ ದೇವಾನುದೇವತೆಗಳನ್ನು ಕಾಣಲು ಬರುತ್ತಿದ್ದ ಪ್ರೇಕ್ಷಕರು ತಮ್ಮದೇ ಸಂಕಟವನ್ನು ತೆರೆಯ ಮೇಲೆ ಕಾಣಲು ಒಪ್ಪಲಿಲ್ಲ. ಚಿತ್ರ ಸೋತಿತು.

1929ರಲ್ಲಿ ದಾಮ್ಲೆ, ಫತ್ತೇಲಾಲ್, ಶಾಂತಾರಾಮ್ ಮೊದಲಾದವರು ಕಂಪನಿಯಿಂದ ಹೊರಬಂದು ಪ್ರಭಾತ್ ಸಂಸ್ಥೆಯನ್ನು ಕಟ್ಟಿದರು. ಬಾಬುರಾವ್ 1936ರಲ್ಲಿ 'ಸಾವಕಾರಿ ಪಾಶ'ವನ್ನು ವಾಕ್ಚಿತ್ರವಾಗಿ ಪುನಃ ನಿರ್ಮಿಸಿದರು. ಸೋತ ವಸ್ತುವಿಗೆ ಹನ್ನೊಂದು ವರ್ಷಗಳ ನಂತರ ಮರಳಿದುದು ಅವರ ನಿಲುವಿನ ದೃಢತೆಯನ್ನು ಸೂಚಿಸುತ್ತದೆ. 1954ರ ಜನವರಿಯಲ್ಲಿ ಅವರು ನಿಧನರಾದರು.

1956ರ ಭಾಷಾವಾರು ಪುನರ್ವಿಂಗಡಣೆಯ ಬಳಿಕ ಬಾಬುರಾವ್ ಮರಾಠಿ ಚಿತ್ರಚರಿತ್ರೆಗೆ ಮಾತ್ರ ಸೇರಿದವರೆಂಬ ಭಾವನೆ ಬಲಿಯಿತು. ಕನ್ನಡದ ಮೊದಲ ವಾಕ್ಚಿತ್ರ ರೂಪುಗೊಂಡ ನೆಲವನ್ನು ಹದಗೊಳಿಸಿದವರನ್ನು ಹೊರಗಿಟ್ಟರೆ ಕನ್ನಡ ಚಿತ್ರಚರಿತ್ರೆಯ ಮೊದಲ ಅಧ್ಯಾಯ ಅಪೂರ್ಣವಾಗಿಯೇ ಉಳಿಯುತ್ತದೆ.