ಮಿರಜಿನ ಮಹಾಗಾಯಕ

ಮಕ್ಕಳೇ, ದೊಡ್ಡ ಹೆಸರು ಪಡೆಯಲು ದೊಡ್ಡ ಊರಿನಲ್ಲಿಯೇ ಇರಬೇಕೇ? ಅಬ್ದುಲ್ ಕರೀಮ್ ಖಾನರ ಕಥೆ ಕೇಳಿರಿ.

ಅವರು 1872ರಲ್ಲಿ ಇಂದಿನ ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದರು. ತರುಣರಾಗಿದ್ದಾಗ ಮಿರಜಿಗೆ ಬಂದರು. ಅಲ್ಲಿ ಅವರಿಗೆ ಪ್ಲೇಗ್ ತಗಲಿತು. ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಬೇಡಿಕೊಂಡಾಗ ಗುಣವಾಯಿತೆಂದು ಜನರು ಹೇಳುತ್ತಾರೆ.

1913ರಲ್ಲಿ ಖಾನರು ಪುಣೆಯಲ್ಲಿ ಸಂಗೀತ ಶಾಲೆ ತೆರೆದರು. ಮುಂದೆ ಮುಂಬಯಿಯಲ್ಲಿಯೂ ಕಲಿಸಿದರು. ಆ ಮಹಾನಗರದಲ್ಲಿ ಗಾಯಕರಿಗೆ ಹೆಸರು, ಹಣ ಎರಡೂ ಸಿಗುತ್ತಿದ್ದವು. ಆದರೂ ಅವರು ಅದನ್ನು ಬಿಟ್ಟು ಮಿರಜಿನಲ್ಲಿ ನೆಲೆಸಿದರು. ಮಿರಜ ಹಳೆಯ ಸಂಸ್ಥಾನದ ಶಾಂತವಾದ ಊರು. ಸಿತಾರು, ತಂಬೂರಿ ಮಾಡುವ ಕುಶಲಕರ್ಮಿಗಳ ಊರು. ಖಾನರಿಗೂ ವಾದ್ಯಗಳನ್ನು ದುರಸ್ತಿ ಮಾಡುವ ಕೆಲಸ ಬಲು ಪ್ರಿಯ.

ಮುಂಬಯಿ ಬಿಟ್ಟರೂ ಅವರ ಕೀರ್ತಿ ಕುಂದಲಿಲ್ಲ. ಅವರ ಹಾಡಿನ ಧ್ವನಿಮುದ್ರಿಕೆಗಳು ಊರೂರಿಗೆ ಹೋದವು. ಮೈಸೂರು ಅರಮನೆಯಲ್ಲಿಯೂ ಅವರು ಹಾಡಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು.

1937ರಲ್ಲಿ ಖಾನರು ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದರು. ದಾರಿಯ ರೈಲು ನಿಲ್ದಾಣವೊಂದರಲ್ಲಿ ತೀರಿಕೊಂಡರು. ಅಷ್ಟು ದೂರದಿಂದ ಅವರ ದೇಹವನ್ನು ಮಿರಜಿಗೇ ತಂದು ದರ್ಗಾದ ಬಳಿ ಮಣ್ಣು ಮಾಡಿದರು. ಅವರ ನೆನಪಿಗಾಗಿ ಉರುಸಿನ ಕಾಲದಲ್ಲಿ ದೊಡ್ಡ ದೊಡ್ಡ ಗಾಯಕರು ಅಲ್ಲಿಗೆ ಬಂದು ಹಾಡುತ್ತಾರೆ.

ನೋಡಿದಿರಾ ಮಕ್ಕಳೇ? ಖಾನರು ಹೆಸರನ್ನು ಹುಡುಕಿಕೊಂಡು ಹೋಗಲಿಲ್ಲ. ಹೆಸರೇ ಅವರನ್ನು ಹುಡುಕಿಕೊಂಡು ಮಿರಜಿಗೆ ಬಂದಿತು.