ಪಂಚಾಂಗದಲ್ಲಿ ನೆಲೆಸಿದ ವಾದ್ಯಗಾರ: ಸರ್ ವಿಲಿಯಂ ಹರ್ಷೆಲ್

ಯುಗಾದಿಯ ದಿನ ಬೇವು ಬೆಲ್ಲವನ್ನು ಸ್ವೀಕರಿಸಿ, ಹೊಸ ಪಂಚಾಂಗವನ್ನು ತೆರೆದು ವರ್ಷಫಲವನ್ನು ಕೇಳುವುದು ನಮ್ಮ ಮನೆಗಳಲ್ಲಿ ತಲತಲಾಂತರದಿಂದ ನಡೆದು ಬಂದ ಪದ್ಧತಿ. ಮಹಾರಾಷ್ಟ್ರದಲ್ಲೆಲ್ಲ ಹೆಸರಾದ ದಾತೆ ಪಂಚಾಂಗವು ನಮ್ಮ ಸೊಲ್ಲಾಪುರದಿಂದಲೇ ಹೊರಡುವುದೆಂಬುದು ಈ ಊರಿನವರಿಗೆಲ್ಲ ಅಭಿಮಾನದ ಸಂಗತಿ. ಮರಾಠಿ ಪಂಚಾಂಗಗಳ ಪುಟಗಳನ್ನು ತಿರುವುವಾಗ ರವಿ, ಚಂದ್ರ, ಮಂಗಳ, ಬುಧ ಮೊದಲಾದ ಪರಿಚಿತ ನಾಮಗಳ ಜೊತೆಗೆ ಹರ್ಷಲ ಎಂಬ ಇನ್ನೊಂದು ಹೆಸರು ಕಣ್ಣಿಗೆ ಬೀಳುತ್ತದೆ. ಅದು ಹರ್ಷವೆಂಬ ಸಂಸ್ಕೃತ ಶಬ್ದದಿಂದ ಹುಟ್ಟಿದ ಹೆಸರೆಂದು ಭಾವಿಸುವವರು ಉಂಟು. ಯಾವನೋ ಪುರಾತನ ಋಷಿಯ ಹೆಸರಿರಬೇಕೆಂದು ಊಹಿಸುವವರೂ ಉಂಟು. ವಾಸ್ತವವಾಗಿ ಅದು ಜರ್ಮನ್ ನಾಡಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ವಾದ್ಯ ನುಡಿಸಿ ಹೊಟ್ಟೆ ಹೊರೆದ ಒಬ್ಬ ಬಡ ಸಂಗೀತಗಾರನ ಮನೆತನದ ಹೆಸರು. ಯುರೇನಸ್ ಗ್ರಹವನ್ನು ಕಂಡುಹಿಡಿದವನು ಅವನು. ಅದಕ್ಕಿಂತ ಮಿಗಿಲಾಗಿ, ನಕ್ಷತ್ರಗಳ ಮಹಾಸಮೂಹಗಳಿಗೂ ಹುಟ್ಟು, ಬೆಳವಣಿಗೆ, ಮುಪ್ಪು ಇರಬಹುದೆಂಬ ವಿಚಾರಕ್ಕೆ ದೂರದರ್ಶಕದ ಆಧಾರವನ್ನು ಒದಗಿಸಿದವನು. ಅವನ ಜೀವನವನ್ನು ನಮ್ಮ ಮಕ್ಕಳು ಅರಿತುಕೊಳ್ಳುವುದು ಉಚಿತ.

ವಿಲಿಯಂ ಹರ್ಷೆಲನು 1738ನೆಯ ಇಸವಿ ನವೆಂಬರ್ 15ರಂದು ಹ್ಯಾನೋವರ್ ನಗರದಲ್ಲಿ ಜನಿಸಿದನು. ತಂದೆ ಐಸಾಕನು ಸೈನ್ಯದ ವಾದ್ಯವೃಂದದಲ್ಲಿ ಓಬೋ ಎಂಬ, ನಮ್ಮ ಶಹನಾಯಿಯ ಜಾತಿಗೆ ಸೇರಿದ ವಾದ್ಯವನ್ನು ನುಡಿಸುತ್ತಿದ್ದನು. ಮನೆಯಲ್ಲಿ ಧನವಿರಲಿಲ್ಲ, ಆದರೆ ಸಂಗೀತವಿತ್ತು, ಜ್ಞಾನದ ಚರ್ಚೆಯಿತ್ತು. ಮಗನೂ ಎಳೆಯ ವಯಸ್ಸಿನಲ್ಲಿಯೇ ಅದೇ ವೃಂದವನ್ನು ಸೇರಿದನು. 1757ರಲ್ಲಿ ಫ್ರೆಂಚರೊಡನೆ ನಡೆದ ಯುದ್ಧದಲ್ಲಿ ಹ್ಯಾನೋವರಿನ ಪಕ್ಷಕ್ಕೆ ಸೋಲಾಗಲು, ಹತ್ತೊಂಬತ್ತರ ಹರೆಯವೂ ತುಂಬದ ಆ ತರುಣನು ಅಣ್ಣನೊಡನೆ ಇಂಗ್ಲೆಂಡಿಗೆ ತೆರಳಿದನು. ಮಾತೃಭಾಷೆ ಒಂದು, ಅನ್ನ ಕೊಡುವ ನೆಲದ ಭಾಷೆ ಇನ್ನೊಂದು. ಈ ಸ್ಥಿತಿ ಎಂಥದೆಂಬುದನ್ನು ಗಡಿನಾಡಿನವರಾದ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಸ್ವರಲಿಪಿಗಳನ್ನು ನಕಲು ಮಾಡುತ್ತ, ಶಿಷ್ಯರಿಗೆ ಪಾಠ ಹೇಳುತ್ತ ಅವನು ಊರೂರು ಅಲೆದನು. 1766ರಲ್ಲಿ ಬಾತ್ ಎಂಬ ಊರಿನ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ನುಡಿಸುವ ಕೆಲಸ ದೊರೆತ ಮೇಲೆ ಅವನ ಬದುಕು ಒಂದು ನೆಲೆಗೆ ಬಂದಿತು.

ಅವನಿಗಿಂತ ಹನ್ನೊಂದು ವರ್ಷ ಕಿರಿಯಳಾದ ಕ್ಯಾರೊಲೀನಳೆಂಬ ತಂಗಿಯು ಹ್ಯಾನೋವರಿನಲ್ಲಿಯೇ ಉಳಿದಿದ್ದಳು. ಹತ್ತನೆಯ ವಯಸ್ಸಿನಲ್ಲಿ ಬಂದ ವಿಷಮಜ್ವರದಿಂದ ಆಕೆಯ ಬೆಳವಣಿಗೆ ಕುಂಠಿತವಾಗಿ, ಎತ್ತರವು ನಾಲ್ಕೂಕಾಲು ಅಡಿಗೇ ನಿಂತಿತು. ಹೆಣ್ಣುಮಗಳಿಗೆ ವಿದ್ಯೆಯೇತಕ್ಕೆ, ಮನೆಗೆಲಸವನ್ನು ಕಲಿತರೆ ಸಾಕೆಂಬುದು ತಾಯಿಯ ನಿಲುವು. ಅಣ್ಣನು 1772ರಲ್ಲಿ ಹೋಗಿ, ತಾಯಿಯ ಮನೆಗೆಲಸಕ್ಕೆ ಬೇರೆ ಆಳನ್ನು ಇರಿಸಲು ಹಣವನ್ನು ಗೊತ್ತುಮಾಡಿ, ತಂಗಿಯನ್ನು ತನ್ನೊಡನೆ ಕರೆತಂದನು. ಬಂಧುಗಳಿಗೆ ಕೇವಲ ದಾಸಿಯಾಗಿ ತೋರಿದ್ದ ಆ ಹುಡುಗಿಯು ಮುಂದೆ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. 1787ರಿಂದ ವಿಜ್ಞಾನದ ಕೆಲಸಕ್ಕಾಗಿ ಇಂಗ್ಲೆಂಡಿನ ದೊರೆಯಿಂದ ವರ್ಷಕ್ಕೆ 50 ಪೌಂಡುಗಳ ವೇತನವನ್ನೂ ಪಡೆದಳು. ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವ ಯೋಚನೆ ಯಾವ ಮನೆಯಲ್ಲಿ ತಲೆದೋರಿದರೂ ಅಲ್ಲಿ ಈ ಕಥೆಯನ್ನು ಹೇಳತಕ್ಕದ್ದು.

ಸಂಗೀತದ ಶಾಸ್ತ್ರಗ್ರಂಥಗಳಿಂದ ಗಣಿತಕ್ಕೆ, ಗಣಿತದಿಂದ ಬೆಳಕಿನ ಶಾಸ್ತ್ರಕ್ಕೆ, ಅಲ್ಲಿಂದ ಖಗೋಲಕ್ಕೆ ಹರ್ಷೆಲನ ಮನಸ್ಸು ಹರಿಯಿತು. ಒಳ್ಳೆಯ ದೂರದರ್ಶಕವನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಆದುದರಿಂದ ತಾನೇ ಮಾಡತೊಡಗಿದನು. ತಾಮ್ರ ಮತ್ತು ತವರಗಳನ್ನು ಬೆರೆಸಿ ಎರಕ ಹೊಯ್ದು, ಆ ಬಿಲ್ಲೆಯನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಬೇಕಾಗಿತ್ತು. ಒಮ್ಮೆ ಕೈಹಚ್ಚಿದರೆ ಬಿಡುವಂತಿರಲಿಲ್ಲ. ಹದಿನಾರು ತಾಸು ಎಡೆಬಿಡದೆ ಉಜ್ಜಿದ ದಿನವೂ ಇದ್ದಿತು. ಅಂದು ತಂಗಿಯು ತುತ್ತು ಮಾಡಿ ಅಣ್ಣನ ಬಾಯಿಗೆ ಇಟ್ಟಳು. 1781ರಲ್ಲಿ ದೊಡ್ಡದೊಂದು ದರ್ಪಣವನ್ನು ಕುದುರೆಯ ಲದ್ದಿಯಿಂದ ಮಾಡಿದ ಅಚ್ಚಿನಲ್ಲಿ ಎರಕ ಹೊಯ್ಯುವಾಗ ಕುಲುಮೆಯು ಸೋರಿತು. ಕರಗಿದ ಲೋಹವು ನೆಲದ ಮೇಲೆ ಹರಿದು, ಹಾಸುಗಲ್ಲುಗಳು ಸಿಡಿದು, ಎಲ್ಲರೂ ಜೀವ ಉಳಿಸಿಕೊಂಡು ಓಡಬೇಕಾಯಿತು. ಅಷ್ಟಾದರೂ ಅವನು ಎದೆಗುಂದಲಿಲ್ಲ.

ಅದೇ ವರ್ಷದ ಮಾರ್ಚ್ 13ರ ರಾತ್ರಿ, ಬಾತ್ ನಗರದ ತನ್ನ ಮನೆಯ ಹಿತ್ತಲಿನಿಂದ ಆಕಾಶವನ್ನು ಕ್ರಮವಾಗಿ ನೋಡುತ್ತಿರುವಾಗ, ಚುಕ್ಕೆಯಂತಿರದೆ ಬಿಲ್ಲೆಯಂತೆ ತೋರುವ ಒಂದು ಜ್ಯೋತಿಯು ಅವನಿಗೆ ಕಂಡಿತು. ಅವನು ಅದನ್ನು ಧೂಮಕೇತುವೆಂದೇ ತಿಳಿದನು. ಗಣಿತಜ್ಞರು ಅದರ ಕಕ್ಷೆಯನ್ನು ಲೆಕ್ಕ ಹಾಕಿದಾಗ, ಶನಿಯಾಚೆಗೆ ಸುತ್ತುವ ಹೊಸ ಗ್ರಹವೆಂದು ಸಿದ್ಧವಾಯಿತು. ಅನಾದಿಯಿಂದ ಶನಿಗೇ ಮುಗಿದಿದ್ದ ಗ್ರಹಮಾಲೆಯ ಎಲ್ಲೆಯು ಒಬ್ಬ ವಾದ್ಯಗಾರನ ಕಣ್ಣಿನಿಂದ ಇಮ್ಮಡಿಯಾಯಿತು. ದೊರೆ ಮೂರನೆಯ ಜಾರ್ಜನು ಅವನಿಗೆ ವರ್ಷಕ್ಕೆ 200 ಪೌಂಡುಗಳ ವೇತನವನ್ನು ಗೊತ್ತುಮಾಡಲು, ಹರ್ಷೆಲನು ಸಂಗೀತದ ವೃತ್ತಿಯನ್ನು ತೊರೆದು ಪೂರ್ಣವಾಗಿ ಆಕಾಶಕ್ಕೆ ಒಲಿದನು.

ಆದರೆ ಗ್ರಹಶೋಧವು ಅವನ ಕಾರ್ಯದ ಹೆಬ್ಬಾಗಿಲು ಮಾತ್ರ. ಆಕಾಶದಲ್ಲಿ ಅಲ್ಲಲ್ಲಿ ಮಂಜಿನ ತುಣುಕುಗಳಂತೆ ತೋರುವ ನೀಹಾರಿಕೆಗಳು ಏನೆಂಬ ಪ್ರಶ್ನೆ ಆಗ ವಿದ್ವಾಂಸರನ್ನು ಕಾಡುತ್ತಿತ್ತು. ಫ್ರಾನ್ಸಿನ ಮೆಸ್ಸಿಯೇ ಎಂಬವನು ಇಂಥ ನೂರಕ್ಕೆ ತುಸು ಮಿಕ್ಕ ಕಾಯಗಳನ್ನು ಪಟ್ಟಿ ಮಾಡಿದ್ದನು. ಹರ್ಷೆಲನು ಇಪ್ಪತ್ತು ಅಡಿ ಉದ್ದದ ದೂರದರ್ಶಕವನ್ನು ನಿಲ್ಲಿಸಿ, 1783ರಿಂದ 1802ರವರೆಗೆ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಜಾಲಾಡಿ, ಅವುಗಳ ಸಂಖ್ಯೆಯನ್ನು 2,500ಕ್ಕೆ ಏರಿಸಿದನು. ಅವನು ಏಣಿಯ ಮೇಲೆ ನಿಂತು ನೋಡಿ ಕೂಗಿ ಹೇಳಿದುದನ್ನು ಕ್ಯಾರೊಲೀನಳು ಗಡಿಯಾರವನ್ನು ಮುಂದಿಟ್ಟುಕೊಂಡು ಬರೆದುಕೊಳ್ಳುತ್ತಿದ್ದಳು. 1783ರ ಡಿಸೆಂಬರ್ 31ರ ರಾತ್ರಿ, ನೆಲವೆಲ್ಲ ಹಿಮ ಮುಚ್ಚಿದ್ದಾಗ ಆಕೆ ಕಾಲು ಜಾರಿ ಬಿದ್ದಳು. ಯಂತ್ರದ ಕಬ್ಬಿಣದ ಕೊಕ್ಕೆಯು ತೊಡೆಗೆ ನಾಟಿ ಮಾಂಸವೇ ಕಿತ್ತುಬಂದಿತು. ಗಾಯ ಮಾಯುತ್ತಲೇ ಆಕೆ ಮರಳಿ ತನ್ನ ಸ್ಥಾನದಲ್ಲಿ ಕುಳಿತಳು.

ಇಷ್ಟೊಂದು ನೀಹಾರಿಕೆಗಳನ್ನು ಕಂಡ ಹರ್ಷೆಲನಿಗೆ 1789ರ ಹೊತ್ತಿಗೆ ಒಂದು ಅಪೂರ್ವ ವಿಚಾರವು ಮೂಡಿತು. ಆಕಾಶವನ್ನು ಅವನು ಸಮೃದ್ಧವಾದ ತೋಟಕ್ಕೆ ಹೋಲಿಸಿದನು. ನಮ್ಮ ಸೊಲ್ಲಾಪುರದಲ್ಲಿ ಸಂಕ್ರಮಣಕ್ಕೆ ನಡೆಯುವ ಸಿದ್ಧರಾಮೇಶ್ವರನ ಜಾತ್ರೆಯನ್ನು ನೆನೆದರೆ ಅದರ ಭಾವವು ತಿಳಿಯುತ್ತದೆ. ನಂದಿಧ್ವಜಗಳ ಮೆರವಣಿಗೆಯನ್ನು ನೋಡಲು ಒಂದೇ ದಿನ ಬಂದ ಪರಸ್ಥಳದವನು ಯಾವ ಮಗುವೂ ಬೆಳೆಯುವುದನ್ನು ಕಾಣಲಾರನು. ಆದರೂ ಕಂಕುಳಲ್ಲಿರುವ ಕೂಸು, ಧ್ವಜ ಹೊರುವ ತರುಣ, ಕೋಲೂರಿದ ಮುದುಕ, ಇವರೆಲ್ಲರನ್ನೂ ಏಕಕಾಲಕ್ಕೆ ಕಂಡು ಮನುಷ್ಯನ ಆಯುಷ್ಯದ ಕ್ರಮವನ್ನು ಊಹಿಸಬಲ್ಲನು. ನೀಹಾರಿಕೆಗಳ ಬದುಕು ನಮ್ಮ ಬದುಕಿಗಿಂತ ಅದೆಷ್ಟೋ ಪಾಲು ದೀರ್ಘವಾದರೂ, ಬೇರೆ ಬೇರೆ ಅವಸ್ಥೆಗಳಲ್ಲಿರುವವುಗಳನ್ನು ಒಟ್ಟಿಗೆ ನೋಡಿ ಸಾಲಾಗಿ ಜೋಡಿಸಿದರೆ ಅವುಗಳ ಚರಿತ್ರೆಯು ಹೊರಬೀಳುವುದೆಂಬುದು ಅವನ ಯುಕ್ತಿ. ಸ್ಥಿರವೆಂದು ಜನ ನಂಬಿದ್ದ ಆಕಾಶಕ್ಕೂ ಇತಿಹಾಸವುಂಟೆಂದು ಅವನು ಹೀಗೆ ತೋರಿಸಿದನು.

ಮಹಾಪುರುಷನ ನಿಜವಾದ ಅಳತೆ ಅವನ ತಪ್ಪುಗಳಲ್ಲಿಯೂ ಸಿಗುತ್ತದೆ. ನೀಹಾರಿಕೆಗಳೆಲ್ಲವೂ ದೂರದ ನಕ್ಷತ್ರಸಮೂಹಗಳೇ, ದೂರದರ್ಶಕವು ದೊಡ್ಡದಾದಂತೆ ಎಲ್ಲವೂ ಬಿಡಿ ನಕ್ಷತ್ರಗಳಾಗಿ ಕಾಣುವುವೆಂದು ಅವನು 1785ರ ವೇಳೆಗೆ ಸಾರಿದ್ದನು. 1790ರ ನವೆಂಬರ್ 13ರಂದು ಅವನ ಕಣ್ಣಿಗೆ ಒಂಟಿ ನಕ್ಷತ್ರವೊಂದು ಪ್ರಭಾವಳಿಯಿಂದ ಸುತ್ತುವರಿದಂತೆ ಕಂಡಿತು. ಆ ಪ್ರಭೆಯು ನಕ್ಷತ್ರಗಳ ಗುಂಪಾಗಿರಲು ಸಾಧ್ಯವಿರಲಿಲ್ಲ. ಅದು ಹೊಳೆಯುವ ದ್ರವ್ಯವೇ ಆಗಿರಬೇಕಾಗಿತ್ತು. ಕೀರ್ತಿಯ ಶಿಖರದಲ್ಲಿದ್ದ ಅವನು ತನ್ನ ಹಿಂದಿನ ಅಭಿಪ್ರಾಯವನ್ನು ಎಲ್ಲರ ಮುಂದೆ ಹಿಂದೆಗೆದುಕೊಂಡನು. ಇಂಥ ದ್ರವ್ಯವು ಗುರುತ್ವದಿಂದ ಕುಗ್ಗಿ ನಕ್ಷತ್ರಗಳಾಗುವುದೆಂದು ಮುಂದೆ 1811ರಲ್ಲಿಯೂ 1814ರಲ್ಲಿಯೂ ವಿವರವಾಗಿ ಬರೆದನು. ಆದರೂ ಅವನ ಸಾಲಿನಲ್ಲಿ ಒಂದು ಬೆರಕೆ ಉಳಿಯಿತು. ಜೋಳದ ಹೊಲದಲ್ಲಿ ಅಕ್ಕಡಿಯಾಗಿ ಬಿತ್ತಿದ ಕುಸುಬೆಯನ್ನೂ ಕಂಡು, ಎರಡೂ ಒಂದೇ ಬೆಳೆಯ ಬೇರೆ ಬೇರೆ ಅವಸ್ಥೆಗಳೆಂದು ತಿಳಿದಂತಾಯಿತು. ನಮ್ಮ ಆಕಾಶಗಂಗೆಯೊಳಗಿನ ಅನಿಲದ ಮೋಡಗಳನ್ನೂ, ಅದರ ಹೊರಗಿರುವ ಗೆಲಾಕ್ಸಿಗಳನ್ನೂ ಬೇರ್ಪಡಿಸುವ ಸಾಧನವು ಆ ಕಾಲದಲ್ಲಿ ಇರಲಿಲ್ಲ.

1788ರಲ್ಲಿ ಅವನು ಮೇರಿ ಪಿಟ್ ಎಂಬ ವಿಧವೆಯನ್ನು ವಿವಾಹವಾದನು. ಮರುವರ್ಷ ನಾಲ್ಕು ಅಡಿ ವ್ಯಾಸದ ದರ್ಪಣವುಳ್ಳ ನಲವತ್ತು ಅಡಿಯ ಮಹಾದೂರದರ್ಶಕವು ಸಿದ್ಧವಾಯಿತು. 1800ರಲ್ಲಿ, ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಶಾಖದ ಕಿರಣಗಳಿವೆಯೆಂದು, ಅಂದರೆ ಅತಿರಕ್ತ ಕಿರಣಗಳನ್ನು, ಉಷ್ಣಮಾಪಕಗಳಿಂದ ಪತ್ತೆ ಹಚ್ಚಿದನು. 1822ರ ಆಗಸ್ಟ್ 25ರಂದು, 83ನೆಯ ವಯಸ್ಸಿನಲ್ಲಿ, ಸ್ಲೌ ಎಂಬ ಊರಿನಲ್ಲಿ ದೇಹವಿಟ್ಟನು. ಅವನು ಕಂಡುಹಿಡಿದ ಗ್ರಹವು ಸೂರ್ಯನನ್ನು ಒಂದು ಸಾರಿ ಸುತ್ತಲು ಸುಮಾರು 84 ವರ್ಷಗಳೇ ಬೇಕು. ಕ್ಯಾರೊಲೀನಳು ತೌರೂರಿಗೆ ಮರಳಿ, ಅಣ್ಣನ ನೀಹಾರಿಕೆಗಳ ಪಟ್ಟಿಯನ್ನು ಕ್ರಮಗೊಳಿಸಿ, ಲಂಡನ್ನಿನ ಖಗೋಲ ಸಂಘದ ಸುವರ್ಣಪದಕವನ್ನು 1828ರಲ್ಲಿ ಪಡೆದು, 1848ರಲ್ಲಿ 97ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಈ ಮನೆತನದ ಕಥೆಯು ನಮ್ಮ ಸೀಮೆಗೂ ಬಂದು ಮುಟ್ಟಿದೆ. ವಿಲಿಯಮನ ಮಗನಾದ ಸರ್ ಜಾನ್ ಹರ್ಷೆಲನು ಆಫ್ರಿಕದ ದಕ್ಷಿಣ ತುದಿಗೆ ಹೋಗಿ ದಕ್ಷಿಣಾಕಾಶದ ನೀಹಾರಿಕೆಗಳನ್ನು ಪಟ್ಟಿ ಮಾಡಿದನು. ಜಾನ್ ಎಂಬ ಹೆಸರಿನ ಮೊಮ್ಮಗನು ಭಾರತದ ಭೂಮಾಪನ ಇಲಾಖೆಯಲ್ಲಿ ಅಧಿಕಾರಿಯಾಗಿದ್ದನು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಅವನು ವೀಕ್ಷಿಸಿದುದು ಬೇರೆಲ್ಲಿಯೂ ಅಲ್ಲ, ವಿಜಾಪುರದಾಚೆಯ ನಮ್ಮ ಜಮಖಂಡಿಯಲ್ಲಿ. ಅದು ಮಳೆಗಾಲ, ಮೋಡಗಳು ಅಡ್ಡ ಬಂದವು. ಮೋಡ ಸರಿದ ಅಲ್ಪ ಅವಧಿಯಲ್ಲಿ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದಿಂದ ಸೂರ್ಯನ ಅಂಚಿನ ಜ್ವಾಲೆಗಳನ್ನು ನೋಡಿದನು. ಅಖಂಡವಾದ ಬಣ್ಣದ ಪಟ್ಟಿಗೆ ಬದಲಾಗಿ ಬಿಡಿಬಿಡಿಯಾದ ಹೊಳೆವ ಗೆರೆಗಳು ಕಂಡವು. ಆ ಜ್ವಾಲೆಗಳು ಉರಿಯುವ ಅನಿಲವೆಂಬುದಕ್ಕೆ ಅದು ಸಾಕ್ಷಿ. ಅವನು ದಕ್ಷಿಣ ಭಾರತದಲ್ಲಿದ್ದಾಗಲೇ ಅಂಥ ಉಪಕರಣದಿಂದ ನೀಹಾರಿಕೆಗಳ ಬೆಳಕನ್ನೂ ಪರೀಕ್ಷಿಸಿದನು. ಇಂಗ್ಲೆಂಡಿನ ಹಗಿನ್ಸನು 1864ರಲ್ಲಿ ತೋರಿಸಿದ್ದಂತೆ, ಗೆರೆಗಳಿದ್ದರೆ ಅನಿಲ, ಅಖಂಡ ಪಟ್ಟಿಯಿದ್ದರೆ ಬಹುಶಃ ನಕ್ಷತ್ರಸಮೂಹ. ಅಜ್ಜನು ಬಿಡಿಸಲಾರದೆ ಹೋದ ಬೆರಕೆಯನ್ನು ಬಿಡಿಸುವ ಸಾಧನವನ್ನು ಹಿಡಿದು, ಅಜ್ಜನ ಮುಖವನ್ನೇ ಕಾಣದ ಮೊಮ್ಮಗನು ಕನ್ನಡನಾಡಿನ ಮಣ್ಣಿನ ಮೇಲೆ ನಿಂತಿದ್ದನು.

ಕೊನೆಯ ತೀರ್ಪು ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ದೇವಯಾನಿಯಲ್ಲಿರುವ ಮಹಾನೀಹಾರಿಕೆಯು ನಮ್ಮ ಆಕಾಶಗಂಗೆಯ ಹೊರಗಿರುವ ಸ್ವತಂತ್ರ ಗೆಲಾಕ್ಸಿಯೆಂದು ಅಮೆರಿಕದ ಎಡ್ವಿನ್ ಹಬಲನು 1923ರಲ್ಲಿ ಕಂಡ ಒಂದು ಮಿಡಿಯುವ ನಕ್ಷತ್ರದ ಆಧಾರದಿಂದ ಸಿದ್ಧಪಡಿಸಿದನು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷಗಳೆಂದು ಇಂದು ತಿಳಿದಿದೆ. ಆರಂಭದಲ್ಲಿ ದ್ರವ್ಯವು ಬಹುಮಟ್ಟಿಗೆ ಸಮನಾಗಿ ಹರಡಿತ್ತು. ಅಲ್ಲಲ್ಲಿ ತುಸು ದಟ್ಟವಾಗಿದ್ದ ಎಡೆಗಳಲ್ಲಿ ಕಣ್ಣಿಗೆ ಕಾಣದ ಕಪ್ಪು ದ್ರವ್ಯವು ಗುರುತ್ವದಿಂದ ಕೂಡಿಕೊಂಡಿತು. ಹೊಲದ ತಗ್ಗಿಗೆ ನೀರು ಹರಿಯುವಂತೆ ಜಲಜನಕ ಮತ್ತು ಹೀಲಿಯಂ ಅನಿಲಗಳು ಅಲ್ಲಿಗೆ ಇಳಿದು, ತಂಪಾಗಿ, ನಕ್ಷತ್ರಗಳಾದವು. ಚಿಕ್ಕ ಗೆಲಾಕ್ಸಿಗಳು ಕೂಡಿ ದೊಡ್ಡವು ಬೆಳೆದವು. ತಿರುಗುವ ಅನಿಲವು ಚಪ್ಪಟೆಯಾಗಿ ಸುರುಳಿ ಗೆಲಾಕ್ಸಿಗಳಾಯಿತು. ದೊಡ್ಡವು ಒಂದಕ್ಕೊಂದು ಡಿಕ್ಕಿ ಹೊಡೆದು ಬೆರೆತಲ್ಲಿ ಮೊಟ್ಟೆಯಾಕಾರದವು ಉಂಟಾದವು. ನಕ್ಷತ್ರಗಳ ಜನನವು ಸುಮಾರು 1,000 ಕೋಟಿ ವರ್ಷಗಳ ಹಿಂದೆ ಉಚ್ಛ್ರಾಯದಲ್ಲಿದ್ದು, ಈಗ ಇಳಿಮುಖವಾಗಿದೆ. ಸತ್ತ ನಕ್ಷತ್ರಗಳು ಚೆಲ್ಲಿದ ಧಾತುಗಳು ಹೊಸ ನಕ್ಷತ್ರಗಳಿಗೂ ಗ್ರಹಗಳಿಗೂ ಗೊಬ್ಬರವಾದವು. ನಮ್ಮ ಕುಂಟೆಯ ಕಬ್ಬಿಣವೂ ಮೈಯ ಎಲುಬಿನ ಸುಣ್ಣವೂ ಅಲ್ಲಿಂದಲೇ ಬಂದವು.

ಇದನ್ನೆಲ್ಲ ತಿಳಿಯಲು ಅನುಸರಿಸಿದ ದಾರಿಯು ಹರ್ಷೆಲನ ಜಾತ್ರೆಯ ನ್ಯಾಯವೇ. ದೂರದ ಬೆಳಕು ನಮ್ಮನ್ನು ಮುಟ್ಟಲು ಕಾಲ ಬೇಕು. ಆದುದರಿಂದ ದೂರವನ್ನು ನೋಡುವುದೆಂದರೆ ಗತಕಾಲವನ್ನು ನೋಡುವುದು. ಇದನ್ನೂ ಅವನು ಮನಗಂಡಿದ್ದನು. 2021ರಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕವು, ವಿಶ್ವಕ್ಕೆ 30 ಕೋಟಿ ವರ್ಷಗಳೂ ತುಂಬದಿದ್ದಾಗಿನ ಕೂಸು ಗೆಲಾಕ್ಸಿಗಳನ್ನು ಕಂಡಿದೆ. ಅದು ನೋಡುವುದು ಮುಖ್ಯವಾಗಿ ಹರ್ಷೆಲನು ಪತ್ತೆ ಹಚ್ಚಿದ ಅತಿರಕ್ತ ಕಿರಣಗಳಿಂದ. ಅದಕ್ಕೂ ಮೊದಲು, 2009ರಿಂದ 2013ರವರೆಗೆ, ಅವನ ಹೆಸರನ್ನೇ ಹೊತ್ತ ಯುರೋಪಿನ ವ್ಯೋಮನೌಕೆಯೊಂದು ಅವೇ ಕಿರಣಗಳಲ್ಲಿ ಗೆಲಾಕ್ಸಿಗಳ ಬೆಳವಣಿಗೆಯನ್ನು ಅಭ್ಯಸಿಸಿತು.

ಮಾರ್ಗಶಿರದಲ್ಲಿ, ಬೆಳದಿಂಗಳಿಲ್ಲದ ಸಂಜೆ, ಅಕ್ಕಲಕೋಟೆಯ ಸುತ್ತಣ ಯಾವುದಾದರೂ ಹಳ್ಳಿಯ ಜೋಳದ ಹೊಲದಲ್ಲಿ, ಪಟ್ಟಣದ ದೀಪಗಳಿಂದ ದೂರ ನಿಂತು ನೆತ್ತಿಯ ಕಡೆಗೆ ನೋಡಿರಿ. ದೇವಯಾನಿಯ ಗೆಲಾಕ್ಸಿಯು ಮಸುಕಾದ ಒಂದು ಬೆಳಕಿನ ತುಣುಕಾಗಿ ಬರಿಗಣ್ಣಿಗೇ ಕಾಣುತ್ತದೆ. ಅದು ಅಲ್ಲಿಂದ ಹೊರಟು 25 ಲಕ್ಷ ವರ್ಷಗಳಾದ ಬೆಳಕು. ನಿಮ್ಮ ಪಕ್ಕದಲ್ಲಿ ಮಗನಿದ್ದರೆ ವಿಲಿಯಮನ ಕಥೆಯನ್ನೂ, ಮಗಳಿದ್ದರೆ ಕ್ಯಾರೊಲೀನಳ ಕಥೆಯನ್ನೂ ತಾಯ್ನುಡಿಯಲ್ಲಿ ಹೇಳಿರಿ. ಪರನಾಡಿನ ಭಾಷೆಯಲ್ಲಿ ಬರೆದು ಕೀರ್ತಿ ಪಡೆದವನಿಗೂ ಮೊದಲ ಅರಿವು ಬಂದುದು ತಂದೆಯ ಮನೆಯ ಮಾತಿನಲ್ಲಿ ಎಂಬುದನ್ನು ಮರೆಯದಿರೋಣ.